ಹೊಳೆದಂಡೆಯ ಬಿಡಾರ

ಕನ್ನಡನಾಡಿನ ಎಲ್ಲೆಯನ್ನು ಹೇಳಬೇಕಾಗಿ ಬಂದಾಗ ಕವಿರಾಜಮಾರ್ಗಕಾರನು ಎರಡು ನದಿಗಳನ್ನು ಹಿಡಿದನು. ಒಂಬತ್ತನೆಯ ಶತಮಾನದ ಆ ಮಾತು ನಮ್ಮ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿದೆ. ಅದನ್ನು ತಡೆಯಿಲ್ಲದೆ ಒಪ್ಪಿಸಿದ ಹುಡುಗನನ್ನು ನಿಲ್ಲಿಸಿ, “ನಿನಗೆ ಗುರುತಿರುವ ಹೊಳೆ ಯಾವುದಪ್ಪಾ?” ಎಂದು ಕೇಳಿ ನೋಡಿ. ನಾನು ಬಹುಕಾಲ ಉಪಾಧ್ಯಾಯನಾಗಿದ್ದವನು; ಕೇಳಿ ನೋಡಿದ್ದೇನೆ. ನದಿಗಳ ಹೆಸರುಗಳು ಸರಸರನೆ ಬರುತ್ತವೆ, ಉಗಮಸ್ಥಾನಗಳೂ ಬರುತ್ತವೆ, ಉಪನದಿಗಳೂ ಬರುತ್ತವೆ. ಗುರುತು ಮಾತ್ರ ಬರುವುದಿಲ್ಲ. ಎಲ್ಲಿ ಕಾಲಿಟ್ಟರೆ ಮೊಣಕಾಲುದ್ದ, ಎಲ್ಲಿ ಕಾಲಿಟ್ಟರೆ ಆಳು ಮುಳುಗುವಷ್ಟು, ಯಾವ ಬಂಡೆ ಬೆಳಗಿನ ಬಿಸಿಲಿಗೆ ಮೊದಲು ಕಾಯುತ್ತದೆ, ಯಾವ ಮಡುವಿನಲ್ಲಿ ಸಂಜೆಯ ಹೊತ್ತು ಮೀನು ನೆಗೆಯುತ್ತದೆ ಎಂಬಷ್ಟು ಒಂದು ಹೊಳೆಯನ್ನು ಬಲ್ಲ ಹುಡುಗ ನೂರಕ್ಕೊಬ್ಬ ಸಿಕ್ಕರೆ ಹೆಚ್ಚು. ಆ ಒಬ್ಬನಾದರೂ ಹೊಳೆಯ ಬದಿಯಲ್ಲೇ ಹುಟ್ಟಿ ಬೆಳೆದವನಾಗಿರುತ್ತಾನೆ.

ಇದು ನಮ್ಮ ಜನದ ಸ್ವಭಾವದೋಷವೆಂದು ನಾನು ಹೇಳಲಾರೆ. ಹೊಳೆಯ ಬಳಿಗೆ ಮನೆಮಂದಿಯೆಲ್ಲ ಕೂಡಿ ಹೋಗುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕೃಷ್ಣೆ, ಮಲಪ್ರಭೆಗಳ ಸೀಮೆಯಲ್ಲಿ ಸಂಕ್ರಾಂತಿಯ ದಿನ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಸಜ್ಜೆಯ ರೊಟ್ಟಿ ಪಲ್ಯಗಳ ಬುತ್ತಿಯನ್ನು ದಂಡೆಯ ಮೇಲೆ ಬಿಚ್ಚಿ ಉಣ್ಣುವುದು ಇಂದಿಗೂ ಉಂಟು. ಕಾರ್ತಿಕದ ವನಭೋಜನವೂ ಬೆಳದಿಂಗಳ ಊಟವೂ ನಮ್ಮ ಅಜ್ಜಿಯರಿಗೆ ವರ್ಷದ ಎಣಿಕೆಯಲ್ಲಿ ಸೇರಿದ ದಿನಗಳಾಗಿದ್ದವು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವ ಕೊಡಗಿನ ಸಂಸಾರ ಮುಂದಿನ ವರ್ಷ ಬೇರೆ ಊರಿಗೆ ಹೋಗೋಣವೇ ಎಂದು ಎಂದಾದರೂ ಚರ್ಚಿಸಿದ್ದುಂಟೆ? ಈ ಎಲ್ಲ ಆಚಾರಗಳಲ್ಲಿ ತಿಥಿಯೂ ಗೊತ್ತು, ಸ್ಥಳವೂ ಗೊತ್ತು. ವರ್ಷಕ್ಕೊಮ್ಮೆ, ಅದೇ ನೀರಿಗೆ. ಇವುಗಳಲ್ಲಿ ದೇವರ ಪಾಲೆಷ್ಟು, ಊಟದ ಪಾಲೆಷ್ಟು ಎಂಬ ವಿಚಾರ ನನಗೆ ಬೇಡ. ಮತ್ತೆ ಮತ್ತೆ ಅಲ್ಲಿಗೇ ಹೋಗುವುದರಲ್ಲಿ ಒಂದು ವಿವೇಕವಿತ್ತೆಂಬುದಷ್ಟೇ ನನ್ನ ಪ್ರಕೃತ ವಾದ.

ಈಗಿನ ವಿಹಾರಗಳ ಕ್ರಮ ಬೇರೆ. ಕಳೆದ ಸಲ ನೋಡಿದ್ದನ್ನು ಈ ಸಲ ನೋಡಬಾರದೆಂಬುದು ಅದರ ಮೊದಲನೆಯ ನಿಯಮ. ಒಂದು ವರ್ಷ ಜೋಗ, ಮರುವರ್ಷ ಮುನ್ನಾರು, ಅದರ ಮರುವರ್ಷ ಮನಾಲಿ. ಪಟ್ಟಿಯಲ್ಲಿ ಒಂದೊಂದು ಹೆಸರಿಗೂ ಗುರುತು ಹಾಕಿ ಮುಗಿಸುವ ಅವಸರ. ಶಾಲೆಯ ಪ್ರವಾಸಗಳನ್ನಂತೂ ಕೇಳುವುದೇ ಬೇಡ; ಮೂರು ದಿನಗಳಲ್ಲಿ ಒಂಬತ್ತು ಸ್ಥಳ, ಅವುಗಳಲ್ಲಿ ನಾಲ್ಕನ್ನು ಮಕ್ಕಳು ಬಸ್ಸಿನಲ್ಲಿ ನಿದ್ದೆ ಮಾಡುತ್ತಲೇ ದಾಟಿಬಿಡುತ್ತಾರೆ. ಹೊಳೆಯೂ ಈ ಪಟ್ಟಿಯಲ್ಲಿ ಒಂದು ‘ನೋಟ’ವಾಗಿ ಸೇರಿಕೊಂಡಿದೆ. ನದಿ ಕಾಣುವ ಕೋಣೆಗೆ ಒಂದು ಬಾಡಿಗೆ, ಕಾಣದ ಕೋಣೆಗೆ ಇನ್ನೊಂದು. ಕೋಣೆಯ ಗಾಜಿನಾಚೆ ಹರಿಯುವ ನೀರಿಗೂ ಗೋಡೆಯ ಮೇಲೆ ತೂಗುವ ಚಿತ್ರಕ್ಕೂ ಅಂತರವೇನೆಂದು ಆ ಬಾಡಿಗೆ ತೆತ್ತವರೇ ಹೇಳಬೇಕು.

ನಮ್ಮ ಸಂಸಾರದ ಅಭ್ಯಾಸವನ್ನು ಇಲ್ಲಿ ಹೇಳುವುದು ಆತ್ಮಪ್ರಶಂಸೆಗಾಗಿ ಅಲ್ಲ. ನನ್ನ ಮಾತಿಗೆ ಬೇರೆ ಆಧಾರವಿಲ್ಲವೆಂದು. 2007ರಿಂದ ಈಚೆಗೆ, 2020 ಒಂದನ್ನು ಬಿಟ್ಟು, ಪ್ರತಿವರ್ಷ ಡಿಸೆಂಬರ್ ತಿಂಗಳ ಕೊನೆಯ ಮೂರು ರಾತ್ರಿಗಳನ್ನು ನಾವು ಅಘನಾಶಿನಿಯ ದಂಡೆಯಲ್ಲಿ ಕಳೆಯುತ್ತೇವೆ. ಸಿದ್ಧಾಪುರ ತಾಲ್ಲೂಕಿನಲ್ಲಿ, ಉಂಚಳ್ಳಿಯ ಜಲಪಾತಕ್ಕಿಂತ ಮೇಲೆ, ಹೊಳೆ ಒಂದು ಬಾಗು ಬಾಗಿ ನಡೆಯುವ ಕಡೆ, ಪರಿಚಿತರೊಬ್ಬರ ಅಡಿಕೆತೋಟದ ಕೆಳಗಣ ಜಾಗ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಚ್ಚಿನಲ್ಲಿ ಬಂದ ಹೆಸರು ಎರಡು ಭಾನುವಾರಗಳಲ್ಲಿ ಇಪ್ಪತ್ತು ಕಾರುಗಳನ್ನು ಕರೆತರುವುದನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಕಾಡಿನೊಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ, ತಂಗಲೂ ಬಾರದು. ಆದ್ದರಿಂದ ತೋಟದ ಯಜಮಾನರ ಔದಾರ್ಯವೇ ನಮ್ಮ ಬಿಡಾರದ ತಳಪಾಯ. ಎರಡು ಡೇರೆ, ಒಂದು ಜಮಖಾನ, ಮೂರು ಕಲ್ಲಿನ ಒಲೆ, ಅನ್ನದ ಚರಿಗೆ, ಒಂದು ಹಗ್ಗ, ಒಂದು ಗುದ್ದಲಿ. ಇಷ್ಟೇ ನಮ್ಮ ಸಾಮಾನು. ಗುದ್ದಲಿ ಏತಕ್ಕೆಂದು ಮಕ್ಕಳಿಗೆ ಮೊದಲ ದಿನವೇ ತಿಳಿಯುತ್ತದೆ. ನಾಗರಿಕತೆಯ ಮೊದಲ ಪಾಠ ಅದೇ ಎಂದು ನನ್ನ ಎಣಿಕೆ.

ಡಿಸೆಂಬರ್ ಯಾಕೆಂದರೆ ಮಳೆ ನಿಂತು ನೀರು ತಿಳಿಯಾಗಿರುತ್ತದೆ, ಉಂಬಳಗಳ ಕಾಟ ಇಳಿದಿರುತ್ತದೆ, ಹೊಳೆಯ ಮೈ ಪೂರ ಒಣಗಿರುವುದಿಲ್ಲ. ಬೆಳಗಿನ ಜಾವ ಇಬ್ಬನಿ ನೀರಿನ ಮೇಲೆ ಹೊಗೆಯಂತೆ ಎದ್ದು, ತೋಟದ ಅಡಿಕೆಮರಗಳ ಸೋಗೆಯನ್ನು ಮುಚ್ಚಿ, ಎಂಟು ಗಂಟೆಯಾದರೂ ಕದಲದೆ ನಿಲ್ಲುತ್ತದೆ. ಆದರೆ ಅದೇ ಹೊತ್ತು ಅಲ್ಲಿಯವರಿಗೆ ಅಡಿಕೆಕೊಯ್ಲಿನ ಕಾಲ. ನಾವು ಬೆಂಕಿಯ ಮುಂದೆ ಕೂತು ಹರಟುವಾಗ ಮೇಲಿನ ಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಹತ್ತಾರು ಜನ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ಬೇಯುವ ಅಡಿಕೆಯ ಒಗರು ವಾಸನೆ ನಮ್ಮವರೆಗೂ ಬರುತ್ತದೆ. ಹೊಳೆ ನಮಗೆ ರಜೆ. ಅವರಿಗೆ ತೋಟದ ನೀರು, ಬಟ್ಟೆ ಒಗೆಯುವ ಕಲ್ಲು, ದನಗಳ ದಾರಿ, ಮಳೆಗಾಲದ ಭಯ. ಇದನ್ನು ಮರೆತ ವಿಹಾರಿ ಎಷ್ಟು ವರ್ಷ ಬಂದರೂ ಅತಿಥಿಯಾಗಲಾರ, ಗಿರಾಕಿಯಾಗಿಯೇ ಉಳಿಯುತ್ತಾನೆ. ನಮ್ಮ ಮಕ್ಕಳು ಒಂದು ಹೊತ್ತಾದರೂ ಆ ಸುಲಿಯುವವರ ನಡುವೆ ಕೂತು ಬರಬೇಕೆಂಬುದು ನಮ್ಮಲ್ಲಿರುವ ಕಟ್ಟಲೆ. ಅವರು ಸುಲಿದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಿರಬಹುದು. ಯಜಮಾನರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಅದೇ ಜಾಗಕ್ಕೆ ವರ್ಷವರ್ಷವೂ ಹೋಗುತ್ತೀರಲ್ಲ, ಬೇಸರವಾಗುವುದಿಲ್ಲವೇ?” ಎಂಬ ಪ್ರಶ್ನೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆಯೋ! ಬೇಸರವಾಗುವಷ್ಟು ಅದು ಎಂದೂ ಅದೇ ಜಾಗವಾಗಿರಲಿಲ್ಲ. 2019ರ ಆಗಸ್ಟಿನಲ್ಲಿ ಬಂದ ನೆರೆಯನ್ನು ನಾಡೆಲ್ಲ ಪತ್ರಿಕೆಗಳಲ್ಲಿ ಓದಿತು. ನಾವು ಅದನ್ನು ಡಿಸೆಂಬರಿನಲ್ಲಿ ಓದಿದೆವು. ಡೇರೆ ಕಟ್ಟುವ ಹೊಂಗೆಮರದ ಕವಲಿನಲ್ಲಿ, ನನ್ನ ತಲೆಗಿಂತ ಎರಡು ಮೊಳ ಮೇಲೆ, ಹುಲ್ಲು, ಬಿದಿರಿನ ಸಿಗುರು, ಹರಿದ ಒಂದು ಬುಟ್ಟಿ ಸಿಕ್ಕಿಕೊಂಡು ಒಣಗಿದ್ದವು. ನಾವು ನಿಂತಿದ್ದ ಕಡೆ, ನಮ್ಮ ತಲೆಯ ಮೇಲೆ, ನಾಲ್ಕು ತಿಂಗಳ ಹಿಂದೆ ನೀರಿತ್ತು! ಮಕ್ಕಳು ಆಡುತ್ತಿದ್ದ ಮರಳದಿಣ್ಣೆ ಈ ದಡದಿಂದ ಆ ದಡಕ್ಕೆ ಹೋಗಿತ್ತು. ಮೊದಲ ಸಲ ಬಂದವನಿಗೆ ಆ ಹುಲ್ಲಿನ ಉಂಡೆ ಹಕ್ಕಿಯ ಗೂಡಿನಂತೆ ಕಂಡೀತು. ಮರಳದಿಣ್ಣೆ ಅನಾದಿಯಿಂದ ಅಲ್ಲೇ ಇದ್ದಂತೆ ತೋರೀತು. ಬದಲಾದದ್ದು ಕಾಣಬೇಕಾದರೆ ಬದಲಾಗುವುದಕ್ಕೆ ಮುಂಚೆ ಅಲ್ಲಿ ಇದ್ದಿರಬೇಕು. ಇದಕ್ಕೆ ಯಾವ ಒಳದಾರಿಯೂ ಇಲ್ಲ.

ಹೊಳೆಯ ನಡುವಿನ ಬಂಡೆಯಲ್ಲಿ ಒರಳಿನಂತಹ ಒಂದು ಗುಳಿ ಇದೆ. ಬಂಡೆಯ ಸಣ್ಣ ತಗ್ಗಿನಲ್ಲಿ ಸಿಕ್ಕಿಕೊಂಡ ನುರುಜುಗಲ್ಲನ್ನು ಮಳೆಗಾಲದ ಸುಳಿ ಗರಗರನೆ ತಿರುಗಿಸುತ್ತದೆ. ಕಲ್ಲು ಬಂಡೆಯನ್ನು ತಿನ್ನುತ್ತದೆ, ತಾನೂ ಸವೆದು ಗುಂಡಾಗುತ್ತದೆ. ಅದು ಸವೆದು ಮುಗಿದರೆ ನೆರೆ ಇನ್ನೊಂದನ್ನು ತಂದು ಹಾಕುತ್ತದೆ. ನನ್ನ ಮಗಳು ಏಳು ವರ್ಷದವಳಾಗಿದ್ದಾಗ ಅದರೊಳಗೆ ಕೈಯಿಳಿಸಿದಳು, ತಳ ಸಿಕ್ಕಲಿಲ್ಲ. ಪ್ರತಿವರ್ಷವೂ ಇಳಿಸಿದಳು. ಹನ್ನೊಂದನೆಯ ವರ್ಷ ತಳ ಸಿಕ್ಕಿತು. ಮೂರು ಗುಂಡುಕಲ್ಲುಗಳನ್ನು ಎತ್ತಿ ತೋರಿಸಿ, ಮತ್ತೆ ಒಳಗೇ ಹಾಕಿದಳು. ಗುಳಿ ಅಷ್ಟರಲ್ಲಿ ಕೂದಲೆಳೆಯಷ್ಟೂ ಬೆಳೆದಿರಲಾರದು; ಬೆಳೆದದ್ದು ಅವಳ ತೋಳು. ಭೂಗೋಳದ ಪುಸ್ತಕದಲ್ಲಿ ಸವೆತವೆಂಬ ಪಾಠ ಒಂದೂವರೆ ಪುಟವಿರುತ್ತದೆ. ಆ ಪಾಠವನ್ನು ನಾನು ಬಹಳ ಸಲ ಹೇಳಿಕೊಟ್ಟಿದ್ದೇನೆ. ಕಾಲದ ಅಳತೆ ಅದರಲ್ಲಿ ಸಂಖ್ಯೆಯಾಗಿ ಮಾತ್ರ ಇರುತ್ತದೆ.

ಇನ್ನು ಅಪಾಯದ ಮಾತು. ಹೊಳೆಯೆಂದರೆ ಆಟವಲ್ಲ. ಪ್ರತಿ ಬೇಸಗೆಯಲ್ಲೂ ಗುರುತಿಲ್ಲದ ಮಡುವಿಗಿಳಿದು ಮುಳುಗಿದ ಯುವಕರ ಸುದ್ದಿ ಪತ್ರಿಕೆಯ ಒಂದು ಮೂಲೆಯಲ್ಲಿ ಬಂದೇ ಬರುತ್ತದೆ. ನಮ್ಮ ಬಾಗಿನಲ್ಲಿಯೂ ಅಂತಹ ಒಂದು ಮಡುವಿದೆ. ಮೇಲೆ ಕನ್ನಡಿಯಂತೆ ನಿಶ್ಚಲ, ಒಳಗೆ ಬಂಡೆಯ ಕೊರಕಲು. ಮೊದಲ ವರ್ಷವೇ ತೋಟದ ಮನೆಯ ಅಜ್ಜಿ ದಿಬ್ಬದ ಮೇಲಿನಿಂದ, “ತಮಾ, ಆ ಗುಂಡಿಗೆ ಮಾತ್ರ ಇಳಿಯಡ!” ಎಂದು ಕೂಗಿ ಹೇಳಿದರು. ಅಂದಿನಿಂದ ಅದು ನಮ್ಮ ಮಕ್ಕಳ ಪಾಲಿಗೆ ‘ಇಳಿಯಡಗುಂಡಿ’. ಕಟ್ಟೆಗಳಿರುವ ನದಿಗಳಲ್ಲಿಯಂತೂ ಅಪಾಯದ ಬಗೆಯೇ ಬೇರೆ. ಅಲ್ಲಿ ನೀರು ಏರುವುದಕ್ಕೆ ಮಳೆ ಬರಬೇಕೆಂದಿಲ್ಲ. 2014ರ ಜೂನ್ 8ರಂದು ಹಿಮಾಚಲದಲ್ಲಿ, ಬಿಯಾಸ್ ನದಿಯ ಪಾತ್ರದಲ್ಲಿ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಕಟ್ಟೆಯಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಬಿಸಿಲು ಬೆಳಗುತ್ತಿತ್ತು, ನೀರು ಇಳಿದಿತ್ತು, ಚಿತ್ರ ತೆಗೆಯಲು ಬಂಡೆ ಚೆನ್ನಾಗಿತ್ತು. ಒಂದು ಘಳಿಗೆಗೆಂದು ಇಳಿದವರಿಗೆ ನದಿಯ ಈ ಎರಡನೆಯ ಮುಖ ತಿಳಿಯುವುದಾದರೂ ಹೇಗೆ? ಎಚ್ಚರಿಸುವ ಹೊಣೆ ಕಟ್ಟೆಯವರದು, ಸಂದೇಹವಿಲ್ಲ. ಆದರೆ ದಡದಲ್ಲಿ ಕೂಗಿ ಹೇಳುವ ಒಬ್ಬ ಅಜ್ಜಿಯ ಪರಿಚಯವನ್ನು ಸಂಪಾದಿಸದೆ ಯಾವ ನದಿಗೂ ಮಕ್ಕಳನ್ನು ಇಳಿಸಬಾರದೆಂದು ನಾನು ಎಲ್ಲ ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಹೇಳುತ್ತೇನೆ.

ಬಿಡಾರದ ಅಡುಗೆಯ ವಿಷಯದಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಸಂಸಾರ ಸಮೇತ ವಿಹಾರವೆಂಬುದು ಬಹುಮಟ್ಟಿಗೆ ಗಂಡಸರು ಮಕ್ಕಳ ವಿಹಾರ. ಹೆಂಗಸರಿಗೆ ಅದು ಒಲೆಯ ವರ್ಗಾವಣೆ. ಮನೆಯಲ್ಲಿ ಅನಿಲದ ಒಲೆಯಾದರೂ ಇತ್ತು, ಇಲ್ಲಿ ಹೊಗೆ ಬೇರೆ. ನಮ್ಮ ಅತ್ತಿಗೆ ಮೊದಲ ವರ್ಷ ಹೊರಡುವುದಕ್ಕೆ ಮುಂಚೆಯೇ ಕರಾರು ಹಾಕಿದರು: ಹೊಳೆಯ ದಂಡೆಯಲ್ಲಿ ತಾವು ಸೌಟು ಮುಟ್ಟುವುದಿಲ್ಲ, ಮುಟ್ಟಬೇಕಾದರೆ ತಾವು ಬರುವುದೇ ಇಲ್ಲ. ಅಂದಿನಿಂದ ಅನ್ನ, ಸಾರು, ಅವಲಕ್ಕಿ ಎಲ್ಲವೂ ಅಣ್ಣನ ಮತ್ತು ನನ್ನ ಪಾಲು. ಸಾರು ಹೇಗಿರುತ್ತದೆಂಬುದನ್ನು ವಿವರಿಸುವುದಿಲ್ಲ; ತೋಟದ ಮನೆಯಿಂದ ಬರುವ ಅಪ್ಪೆಹುಳಿಯ ಪಾತ್ರೆ ನಮ್ಮ ಮಾನವನ್ನು ಕಾಪಾಡಿಕೊಂಡು ಬಂದಿದೆ. ಅತ್ತಿಗೆ ಆ ಮೂರು ದಿನ ಬಂಡೆಯ ಮೇಲೆ ಕೂತು ಓದುತ್ತಾರೆ, ಇಲ್ಲವೆ ಸುಮ್ಮನೆ ನೀರು ನೋಡುತ್ತಾರೆ. ಮಿಂಚುಳ್ಳಿ ಯಾವ ಕೊಂಬೆಯಿಂದ ಎಷ್ಟು ಸಲ ನೀರಿಗೆರಗಿತು, ಎಷ್ಟು ಸಲ ಬರಿಗೊಕ್ಕಿನಲ್ಲಿ ಹಿಂದಿರುಗಿತು ಎಂಬ ಲೆಕ್ಕ ನಮ್ಮೆಲ್ಲರಲ್ಲಿ ಅವರೊಬ್ಬರ ಬಳಿಯೇ ಸಿಕ್ಕುವುದು. ಬಿಡುವಿಲ್ಲದ ಕಣ್ಣಿಗೆ ಹೊಳೆ ಕಾಣಿಸದು.

ನಿಮ್ಮ ಬಿಡಾರವೂ ಹೊಳೆಗೆ ಕೇಡೇ ಅಲ್ಲವೇ ಎಂದು ಕೇಳುವವರುಂಟು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಅಘನಾಶಿನಿಯೆಂದರೆ ಪಾಪವನ್ನು ಕಳೆಯುವವಳು. ಆ ಕೆಲಸವೇ ಕೈತುಂಬ ಇರುವವಳಿಗೆ ನಾವು ಸಾಬೂನಿನ ನೊರೆ, ಎಂಜಲೆಲೆ, ಖಾಲಿ ಬಾಟಲಿಗಳನ್ನು ಒಪ್ಪಿಸಿ ಬರುವುದು ಯಾವ ನ್ಯಾಯ? ಜಲಪಾತದ ದಾರಿಗಳಲ್ಲಿ ಒಡೆದ ಗಾಜನ್ನು ನೋಡಿದವರು ವಿಹಾರಿಗಳ ಜಾತಿಯನ್ನೇ ಬಹಿಷ್ಕರಿಸಬೇಕೆಂದರೆ ನಾನು ಆಶ್ಚರ್ಯಪಡುವುದಿಲ್ಲ. ಈ ಕಣಿವೆ ಸಿಂಗಳೀಕಗಳ ನೆಲೆ. 2011ರಲ್ಲಿ ಅವುಗಳ ಹೆಸರಿನಲ್ಲಿಯೇ ಇಲ್ಲೊಂದು ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಅನ್ನದ ಅಗುಳು ಕಂಡ ಕೋತಿ ಮತ್ತೆ ಕಾಡಿನ ಹಣ್ಣನ್ನು ಹುಡುಕುವ ಕಷ್ಟಕ್ಕೆ ಹೋಗದೆಂಬುದನ್ನು ಎಲ್ಲ ಘಟ್ಟಗಳಲ್ಲೂ ಕಾಣುತ್ತಿದ್ದೇವೆ. ಆದರೂ ಬಹಿಷ್ಕಾರ ಮದ್ದಲ್ಲವೆಂದು ನನ್ನ ಅಭಿಪ್ರಾಯ. ಮತ್ತೆ ಬಾರದವನು ಗಾಜು ಒಡೆದು ಹೋಗುತ್ತಾನೆ. ಮುಂದಿನ ವರ್ಷ ಅದೇ ಮರಳಿನಲ್ಲಿ ತನ್ನ ಮಗು ಬರಿಗಾಲಿನಲ್ಲಿ ಓಡಬೇಕೆಂದು ಬಲ್ಲವನು ಒಡೆಯಲಾರ. ಉಪದೇಶದ ಫಲಕಗಳಿಗಿಂತ ಈ ಸ್ವಾರ್ಥವನ್ನೇ ನಾನು ಹೆಚ್ಚು ನಂಬುತ್ತೇನೆ.

ಇದಕ್ಕಿಂತ ದೊಡ್ಡದಾದ ಇನ್ನೊಂದು ಸಂಗತಿಯಿದೆ. ಪಶ್ಚಿಮಕ್ಕೆ ಹರಿಯುವ ನಮ್ಮ ಘಟ್ಟದ ಹೊಳೆಗಳನ್ನು ಕುರಿತು, ‘ವ್ಯರ್ಥವಾಗಿ ಸಮುದ್ರ ಸೇರುವ ನೀರು’ ಎಂಬ ಮಾತು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯಾಯಿತು. ಕಾಳಿಗೆ ಒಂದರ ಕೆಳಗೊಂದು ಕಟ್ಟೆಗಳಾದುವು. ಅಘನಾಶಿನಿ ಈವರೆಗೂ ದೊಡ್ಡ ಕಟ್ಟೆಯಿಲ್ಲದೆ ಹರಿಯುತ್ತಿರುವ ನದಿ. ಇದರ ನೀರನ್ನೂ ಪೂರ್ವಕ್ಕೆ, ವೇದಾವತಿಯ ಕಡೆಗೆ, ಎತ್ತಿ ಒಯ್ಯುವ ಪ್ರಸ್ತಾಪವೊಂದು ಈಚಿನ ವರ್ಷಗಳಲ್ಲಿ ಎದ್ದಿದೆ. ಸೀಮೆಯ ಜನ ಅದನ್ನು ವಿರೋಧಿಸಿದ್ದಾರೆ. ಬಯಲುಸೀಮೆಯವರ ನೀರಡಿಕೆ ಸುಳ್ಳಲ್ಲ, ನಾನೂ ಬಯಲುಸೀಮೆಯವನೇ. ಆದರೆ ವ್ಯರ್ಥವೆಂಬ ಮಾತನ್ನು ಒಪ್ಪಲಾರೆ. ಘಟ್ಟದ ಈ ಸಿಹಿನೀರು ಕುಮಟೆಯ ಕೆಳಗೆ ಉಪ್ಪುನೀರಿನೊಡನೆ ಬೆರೆಯುವ ಹದದಲ್ಲಿಯೇ ಅಲ್ಲಿಯ ಗಜನಿಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪನ್ನು ತಾಳಿಕೊಳ್ಳುವ ತಳಿ ಅದು. ಆ ಹದದಲ್ಲಿಯೇ ಬೆಳಚು ಬೆಳೆಯುತ್ತದೆ. ಅದನ್ನು ಆಯ್ದು ಬದುಕುವ ಸಂಸಾರಗಳು ಆ ದಡಗಳಲ್ಲಿ ಬೇಕಾದಷ್ಟಿವೆ. 2024ರಲ್ಲಿ ಅಘನಾಶಿನಿಯ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಸಮುದ್ರವನ್ನು ಸೇರುವುದು ನದಿಯ ಕೆಲಸಗೇಡಿತನವಲ್ಲ, ಅದೂ ಅದರ ಕೆಲಸವೇ. ನೀರು ಎಷ್ಟು ತೆಗೆದರೆ ಎಷ್ಟು ಉಳಿಯುತ್ತದೆಂಬ ಲೆಕ್ಕವನ್ನು ಬಲ್ಲ ತಜ್ಞರು ಮಾಡಲಿ. ಆದರೆ ಆ ಲೆಕ್ಕ ಪುಟದ ಮೇಲೆ ಬಂದಾಗ ಅದನ್ನು ಓದಿ, “ಇದು ನಾನು ಬಲ್ಲ ಹೊಳೆ” ಎನ್ನುವವರು ಎಷ್ಟು ಮಂದಿ ಉಳಿದಿರುತ್ತಾರೆ?

ಶರಾವತಿಯ ಮುಳುಗಡೆಯನ್ನು ಕುರಿತು ನಾ. ಡಿಸೋಜರು ಬರೆದ ಕಾದಂಬರಿಗಳನ್ನು ನಮ್ಮ ಓದುಗರು ಬಲ್ಲರು; ‘ದ್ವೀಪ’ 2002ರಲ್ಲಿ ಚಲನಚಿತ್ರವೂ ಆಯಿತು. ಅವನ್ನು ಓದಿದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಮನೆ, ಗದ್ದೆ, ದೇವಸ್ಥಾನಗಳು ನೀರಿನಡಿಗೆ ಹೋದದ್ದಕ್ಕೆ ಸರಕಾರದ ಕಡತದಲ್ಲಿ ಲೆಕ್ಕವಿರುತ್ತದೆ, ಪರಿಹಾರವೆಂಬ ಅಂಕಿಯೂ ಇರುತ್ತದೆ. ಹೊಳೆಯ ಒಂದೊಂದು ಮಡುವಿಗೂ, ದಾಟುವ ಕಡವಿಗೂ, ಸುಳಿಗೂ, ಮೀನು ಕೂರುವ ಬಂಡೆಗೂ ಇದ್ದ ಹೆಸರುಗಳು ಯಾವ ಕಡತದಲ್ಲಿವೆ? ಅವನ್ನು ಬಲ್ಲವರು ಚದುರಿದರು, ಮುಪ್ಪಾದರು, ಹೋದರು. ಮುಳುಗದ ಹೊಳೆಗಳಲ್ಲಿಯೂ ಇದೇ ಆಗುತ್ತಿದೆಯೆಂಬುದನ್ನು ನಾವು ಗಮನಿಸಿಲ್ಲ. ಈ ತೋಟಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಇರುವವರು ವೃದ್ಧರಿಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅದಕ್ಕೂ ಆಚೆ. ಹೊಳೆಗೆ ಹೊಂದಿದ ತೋಟಗಳನ್ನು ಕೇಳಿಕೊಂಡು ಹೊರಗಿನವರು ಬರುತ್ತಿದ್ದಾರೆ. ನಮ್ಮ ಯಜಮಾನರ ಮನೆಗೂ ಎರಡು ಸಲ ಬಂದು ಹೋದರಂತೆ. ಅವರು ಕೊಡುತ್ತಾರೋ ಬಿಡುತ್ತಾರೋ, ಕೇಳುವ ಅಧಿಕಾರ ನಮಗಿಲ್ಲ. ವರ್ಷಕ್ಕೆ ಮೂರು ರಾತ್ರಿಯ ಬಿಡಾರದವರಿಗೆ ಹೊಳೆಯ ಮೇಲೆ ಹಕ್ಕು ಹುಟ್ಟುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಯಜಮಾನರ ಮೊಮ್ಮಗ, ಹದಿಮೂರು ವರ್ಷದ ಹುಡುಗ, ಬೆಂಗಳೂರಿನಿಂದ ಬಂದವನು ಮನೆಯಲ್ಲಿ ಮಲಗಲೊಲ್ಲದೆ ನಮ್ಮ ಡೇರೆಗೆ ಬಂದು ಮಲಗಿದ. ಮಕ್ಕಳ ‘ಇಳಿಯಡಗುಂಡಿ’ಯ ಕಥೆ ಕೇಳಿ, ಅದಕ್ಕೆ ಬೇರೆ ಹೆಸರಿದೆಯೇ ಎಂದು ಮರುದಿನ ಅಜ್ಜಿಯನ್ನು ಕೇಳಿದ. ಅಜ್ಜಿ ಅಡಿಕೆ ಸುಲಿಯುವ ಕೈಯನ್ನು ನಿಲ್ಲಿಸದೆ ಹೇಳತೊಡಗಿದರು. ಅದರ ಹೆಸರು ದೆವ್ವನಗುಂಡಿ, ಅದರ ಮೇಲಣದು ಎಮ್ಮೆಮಡು, ಅದರಾಚೆ ಬಾಣಂತಿಕಲ್ಲು, ಹೀಗೆ ಒಂದು ಮೈಲಿಯೊಳಗೆ ಹದಿನಾಲ್ಕು ಹೆಸರುಗಳು. ನನ್ನ ಮಗಳು ಪುಸ್ತಕದಲ್ಲಿ ಬರೆದುಕೊಂಡಳು, ಹುಡುಗ ನಕ್ಷೆ ಎಳೆದ. ಮಧ್ಯಾಹ್ನ ಇಬ್ಬರೂ ಅಜ್ಜಿಯನ್ನು ಕೈಹಿಡಿದು ಹೊಳೆಗೆ ಇಳಿಸಿ ಕರೆತಂದರು. ಆಕೆ ಹೊಳೆಗೆ ಇಳಿದು ಆರು ವರ್ಷವಾಗಿತ್ತಂತೆ. ಹನ್ನೊಂದನ್ನು ಬೆರಳು ಮಾಡಿ ತೋರಿಸಿದರು. ಉಳಿದ ಮೂರು ಎಲ್ಲಿವೆಯೆಂದು ಬಹಳ ಹೊತ್ತು ಕಣ್ಣಿಗೆ ಕೈಯೊಡ್ಡಿ ನೋಡಿದರು. ಮರಳು ಸರಿದಿತ್ತು, ದಡದ ಮರಗಳು ಹೋಗಿದ್ದವು. ನಕ್ಷೆಯಲ್ಲಿ ಆ ಮೂರು ಹೆಸರುಗಳನ್ನು ಹುಡುಗ ಅಂಚಿನಲ್ಲಿ, ಹೊಳೆಯ ಗೆರೆಯಿಂದ ಹೊರಗೆ, ಬರೆದಿಟ್ಟಿದ್ದಾನೆ.